ಸಣ್ಣ ಪಕ್ಷಕ್ಕೆ ಹಾಕಿದ ವೋಟು ಹಾಳೇ?

ಚುನಾವಣೆಯ ಕಾಲ ಬಂದಾಗಲೆಲ್ಲ ನಮ್ಮ ಕಾರ್ಯಕರ್ತರು ಒಂದು ಮಾತನ್ನು ಕೇಳಬೇಕಾಗುತ್ತದೆ. ಗಿರಣಿಯ ಗೇಟಿನಲ್ಲಿ ಕರಪತ್ರ ಹಂಚುವಾಗ ಕಾರ್ಮಿಕರು ಅದನ್ನು ಹೇಳುತ್ತಾರೆ, ಪೇಟೆ ಬೀದಿಯಲ್ಲಿ ಚಂದಾ ಎತ್ತುವಾಗ ಅಂಗಡಿಯವರೂ ಅದನ್ನೇ ಹೇಳುತ್ತಾರೆ: "ನೀವು ಹೇಳುವುದೆಲ್ಲ ಸರಿ ಮೇಷ್ಟ್ರೇ, ಆದರೆ ನೀವು ಗೆಲ್ಲುವವರಲ್ಲ. ನಿಮಗೆ ಹಾಕಿದರೆ ವೋಟು ಹಾಳು."

ಈ ಮಾತನ್ನು ಆಡುವವರು ನಮ್ಮ ವೈರಿಗಳಲ್ಲ. ಐದು ವರ್ಷಕ್ಕೊಮ್ಮೆ ಬಿಸಿಲಿನಲ್ಲಿ ಸಾಲು ನಿಂತು ಹಾಕುವ ಒಂದೇ ಒಂದು ವೋಟು ಕೆಲಸಕ್ಕೆ ಬರಲಿ ಎಂದು ಬಯಸುವುದರಲ್ಲಿ ತಪ್ಪೇನೂ ಇಲ್ಲ. ಆದುದರಿಂದ ಈ ಪ್ರಶ್ನೆಯನ್ನು ಘೋಷಣೆ ಕೂಗಿ ಮುಚ್ಚಿಹಾಕದೆ ಲೆಕ್ಕದಿಂದಲೇ ಉತ್ತರಿಸಬೇಕು. ಲೆಕ್ಕ ನಮ್ಮ ರಾಜ್ಯದ್ದೇ ಆಗಿರಲಿ. ಅದರಲ್ಲಿಯೂ ಬೆಂಗಳೂರಿನ ದಕ್ಷಿಣ ಭಾಗದ್ದಾಗಿರಲಿ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಮಾತು ಜಿಲ್ಲೆಯ ಊರಿನವರಾದ ನಮಗೇಕೆ ಎಂದು ಓದುಗರು ಕೇಳಬಹುದು. ಸಣ್ಣ ಪಕ್ಷವೊಂದು ಹೇಗೆ ಬೆಳೆಯುತ್ತದೆ, ಇನ್ನೊಂದು ಹೇಗೆ ಕರಗಿಹೋಗುತ್ತದೆ ಎಂಬ ಎರಡು ಪಾಠಗಳೂ ಅಲ್ಲಿ ಒಂದೇ ಕಡೆ ಸಿಗುತ್ತವೆ. ಅದಕ್ಕಾಗಿ ಆ ಭಾಗವನ್ನು ಆರಿಸಿಕೊಂಡಿದ್ದೇವೆ.

16 ವೋಟಿನ ಮಾತು

ಮೊದಲು ನಮ್ಮ ವಾದಕ್ಕೆ ವಿರುದ್ಧವಾದ ಸಾಕ್ಷಿಯನ್ನೇ ತೆಗೆದುಕೊಳ್ಳೋಣ. 2023ರ ಮೇ 13ರಂದು ಜಯನಗರ ವಿಧಾನಸಭಾ ಕ್ಷೇತ್ರದ ಎಣಿಕೆ ರಾತ್ರಿಯವರೆಗೂ ಎಳೆಯಿತು. ಮರುಎಣಿಕೆಯಾಗಿ ಕೊನೆಗೆ ಭಾರತೀಯ ಜನತಾ ಪಕ್ಷದ ಶ್ರೀ ಸಿ.ಕೆ. ರಾಮಮೂರ್ತಿಯವರು ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿಯವರ ಮೇಲೆ 16 ವೋಟುಗಳ ಅಂತರದಿಂದ ಗೆದ್ದರೆಂದು ಘೋಷಣೆಯಾಯಿತು. ಇಬ್ಬರಿಗೂ ತಲಾ ಐವತ್ತೇಳು ಸಾವಿರಕ್ಕೆ ಮೇಲ್ಪಟ್ಟು ವೋಟು ಬಿದ್ದಿದ್ದವು. ಇದಕ್ಕಿಂತ ಹಿಂದೆ, 2004ರಲ್ಲಿ, ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಶ್ರೀ ಆರ್. ಧ್ರುವನಾರಾಯಣರು ಗೆದ್ದದ್ದು ಒಂದೇ ಒಂದು ವೋಟಿನಿಂದ.

ಇಂತಹ ಕಡೆಗಳಲ್ಲಿ ಮೂರನೆಯವರಿಗೆ ವೋಟು ಹಾಕಿದವರನ್ನು ಎರಡು ದೊಡ್ಡ ಪಕ್ಷಗಳೂ ಬೈಯುವುದು ಸಹಜ. ಸೋತವರು "ನಿಮ್ಮಿಂದಲೇ ನಾವು ಕೆಟ್ಟೆವು" ಎನ್ನುತ್ತಾರೆ. ಗೆದ್ದವರು ಒಳಗೊಳಗೆ ನಗುತ್ತಾರೆ. ನಮ್ಮ ಚುನಾವಣಾ ಪದ್ಧತಿಯಲ್ಲಿ ಎಲ್ಲರಿಗಿಂತ ಒಂದು ವೋಟು ಹೆಚ್ಚು ಪಡೆದವನಿಗೆ ಪೂರ್ತಿ ಸ್ಥಾನ, ಉಳಿದವರಿಗೆ ಏನೂ ಇಲ್ಲ. ಆದುದರಿಂದ ಆ ದಿನದ ಎಣಿಕೆಯನ್ನಷ್ಟೇ ನೋಡಿದರೆ ಅಂಗಡಿಯವರ ಮಾತಿನಲ್ಲಿ ಸತ್ಯವಿದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ವೋಟಿನ ಲೆಕ್ಕ ಒಂದು ದಿನದ್ದಲ್ಲ. ಸೋತ ಪಕ್ಷಕ್ಕೆ ಬಿದ್ದ ವೋಟನ್ನು ಸರ್ಕಾರದ ದಫ್ತರವೂ ಹಾಳೆಂದು ಎಸೆಯುವುದಿಲ್ಲ. ಒಟ್ಟು ಸಿಂಧುವಾದ ವೋಟುಗಳಲ್ಲಿ ಆರನೆಯ ಒಂದು ಪಾಲಿಗಿಂತ ಹೆಚ್ಚು ಬಂದರೆ ಅಭ್ಯರ್ಥಿಯ ಠೇವಣಿ ಉಳಿಯುತ್ತದೆ. ರಾಜ್ಯದಲ್ಲಿ ಶೇಕಡ 6ರಷ್ಟು ವೋಟು ಮತ್ತು ವಿಧಾನಸಭೆಯಲ್ಲಿ 2 ಸ್ಥಾನ ಬಂದರೆ ಚುನಾವಣಾ ಆಯೋಗ ಅದನ್ನು ರಾಜ್ಯಪಕ್ಷವೆಂದು ಮನ್ನಿಸಿ ಚಿಹ್ನೆಯನ್ನು ಕಾಯ್ದಿಡುತ್ತದೆ. ಒಂದೂ ಸ್ಥಾನ ಬರದಿದ್ದರೂ ಶೇಕಡ 8ರಷ್ಟು ವೋಟು ಬಂದರೆ ಸಾಕೆಂಬ ನಿಯಮ 2011ರಲ್ಲಿ ಬಂದಿದೆ. ಅಂದರೆ ಸೋಲಿನ ವೋಟಿಗೂ ಕೂಡಿಕೆಯುಂಟು. ಕೂಡಿಡುವವರು ಇದ್ದಾರೆಯೇ ಎಂಬುದು ಮಾತ್ರ ಪ್ರಶ್ನೆ.

ಎರಡು ಸ್ಥಾನದ ಪಕ್ಷ

ಜಯನಗರದಲ್ಲಿ 16 ವೋಟಿನಿಂದ ಗೆದ್ದ ಪಕ್ಷವನ್ನೇ ನೋಡಿರಿ. 1980ರಲ್ಲಿ ಹುಟ್ಟಿದ ಭಾರತೀಯ ಜನತಾ ಪಕ್ಷ 1983ರಲ್ಲಿ ಕರ್ನಾಟಕದ 224 ಸ್ಥಾನಗಳಲ್ಲಿ 18ನ್ನು ಗೆದ್ದಿತು. ಆಗ ಜನತಾ ಪಕ್ಷಕ್ಕೆ 95, ಕಾಂಗ್ರೆಸ್ಸಿಗೆ 82. ಯಾರಿಗೂ ಬಹುಮತವಿರಲಿಲ್ಲ. ಆ 18 ಮಂದಿಯೂ ಎಡಪಕ್ಷಗಳೂ ಹೊರಗಿನಿಂದ ಬೆಂಬಲ ಕೊಟ್ಟುದರಿಂದ ಶ್ರೀ ರಾಮಕೃಷ್ಣ ಹೆಗಡೆಯವರು ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಗಳಾದರು. ಎರಡೇ ವರ್ಷದಲ್ಲಿ, 1985ರಲ್ಲಿ, ಮತ್ತೆ ಚುನಾವಣೆ ನಡೆಯಿತು. ಜನತಾ ಪಕ್ಷ 139 ಸ್ಥಾನಗಳನ್ನು ಗೆದ್ದಿತು. ಬೆಂಬಲ ಕೊಟ್ಟಿದ್ದ ಪಕ್ಷ 18ರಿಂದ 2ಕ್ಕೆ ಇಳಿಯಿತು. 1989ರಲ್ಲಿಯೂ ಅದಕ್ಕೆ ಸಿಕ್ಕಿದ್ದು 4 ಮಾತ್ರ.

ಆ ವರ್ಷಗಳಲ್ಲಿ ಆ ಪಕ್ಷಕ್ಕೆ ವೋಟು ಹಾಕಿದವನಿಗೂ ನೆರೆಯವರು "ಹಾಳು ಮಾಡಿಕೊಂಡೆಯಲ್ಲ" ಎಂದೇ ಹೇಳಿರಬೇಕು. ಮುಂದೆ ಏನಾಯಿತು? 1994ರಲ್ಲಿ 40 ಸ್ಥಾನ ಬಂದು ಅದು ಮುಖ್ಯ ವಿರೋಧಪಕ್ಷವಾಯಿತು. 1999ರಲ್ಲಿ 44, 2004ರಲ್ಲಿ 79, 2008ರಲ್ಲಿ 110. ಆ ವರ್ಷ ಮೇ ತಿಂಗಳಲ್ಲಿ ಶ್ರೀ ಬಿ.ಎಸ್. ಯಡಿಯೂರಪ್ಪನವರು ಆ ಪಕ್ಷದ ಸರ್ಕಾರವನ್ನು ರಚಿಸಿದರು. ಅವರು ಮೊದಲು ಜನಪ್ರತಿನಿಧಿಯಾದದ್ದು ವಿಧಾನಸೌಧದಲ್ಲಲ್ಲ, ಶಿಕಾರಿಪುರದ ಪುರಸಭೆಯಲ್ಲಿ. ಅಲ್ಲಿಂದ 1983ರಲ್ಲಿ ಶಾಸಕರಾದರು.

ಈ ಬೆಳವಣಿಗೆಗೆ ಬೇರೆ ಕಾರಣಗಳೂ ಉಂಟು. ದೇಶದಲ್ಲಿ ಮಂದಿರದ ವಿವಾದವನ್ನು ಎಬ್ಬಿಸಿದ್ದು, 1990ರಲ್ಲಿ ಕಾಂಗ್ರೆಸ್ಸಿನ ದೆಹಲಿ ನಾಯಕರು ಶ್ರೀ ವೀರೇಂದ್ರ ಪಾಟೀಲರನ್ನು ಮುಖ್ಯಮಂತ್ರಿ ಪದವಿಯಿಂದ ತೆಗೆದದ್ದು, ಜನತಾ ದಳದವರ ಒಳಜಗಳ, 2006ರಲ್ಲಿ ಜಾತ್ಯತೀತ ಜನತಾದಳವು ಅವರ ಜೊತೆ ಸೇರಿ ಸರ್ಕಾರ ಮಾಡಿದ್ದು, ಇವೆಲ್ಲವೂ ಸೇರಿವೆ. ಆ ಪಕ್ಷದ ನೀತಿಯನ್ನು ನಾವು ಒಪ್ಪುವವರಲ್ಲ. ಜನರನ್ನು ಧರ್ಮದ ಹೆಸರಿನಲ್ಲಿ ಬೇರ್ಪಡಿಸಿದರೆ ಕೂಲಿಯ ಮಾತೂ ಬೆಲೆಯ ಮಾತೂ ಹಿಂದೆ ಬೀಳುತ್ತವೆ ಎಂಬುದು ನಮ್ಮ ನಿಲುವು. ಆದರೆ ಒಪ್ಪದವರಿಂದಲೂ ಪಾಠ ಕಲಿಯಬಹುದು. ಎರಡು ಸ್ಥಾನಕ್ಕೆ ಇಳಿದ ಮರುದಿನವೂ ಬಾಗಿಲು ಮುಚ್ಚದೆ ಇದ್ದುದೇ ಅವರಿಂದ ಕಲಿಯಬೇಕಾದ ಪಾಠ.

ಬೆಂಗಳೂರು ದಕ್ಷಿಣದ ಚರಿತ್ರೆ

ಈಗ ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರಕ್ಕೆ ಬರೋಣ. ಗಾಳಿ ಬಂದ ಕಡೆಗೆ ತೂರಿಕೊಳ್ಳುವ ಕ್ಷೇತ್ರ ಅದಲ್ಲ. 1977ರಲ್ಲಿ ಉತ್ತರ ಭಾರತವೆಲ್ಲ ಕಾಂಗ್ರೆಸ್ಸನ್ನು ಕೆಡವಿದರೂ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿನ ಪಾಲಾದವು. ಜನತಾ ಪಕ್ಷಕ್ಕೆ ಸಿಕ್ಕ ಎರಡರಲ್ಲಿ ಒಂದು ಹಾಸನ, ಇನ್ನೊಂದು ಬೆಂಗಳೂರು ದಕ್ಷಿಣ. ಅಲ್ಲಿ ಗೆದ್ದ ಶ್ರೀ ಕೆ.ಎಸ್. ಹೆಗ್ಡೆಯವರು ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾಗಿದ್ದು, 1973ರಲ್ಲಿ ತಮ್ಮನ್ನು ದಾಟಿ ಕಿರಿಯರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ಮಾಡಿದಾಗ ರಾಜೀನಾಮೆ ಕೊಟ್ಟು ಬಂದವರು. ಮುಂದೆ ಲೋಕಸಭೆಯ ಸ್ಪೀಕರರಾದರು. 1980ರಲ್ಲಿ ಇಂದಿರಾ ಕಾಂಗ್ರೆಸ್ಸು 28ರಲ್ಲಿ 27ನ್ನು ಬಾಚಿಕೊಂಡಿತು. ಉಳಿದ ಒಂದೇ ಒಂದು ಬೆಂಗಳೂರು ದಕ್ಷಿಣ. ಗೆದ್ದವರು ಜನತಾ ಪಕ್ಷದ ಶ್ರೀ ಟಿ.ಆರ್. ಶಾಮಣ್ಣನವರು. 1984ರಲ್ಲಿಯೂ ಅಲ್ಲಿ ಜನತಾ ಪಕ್ಷದ ಶ್ರೀ ವಿ.ಎಸ್. ಕೃಷ್ಣ ಅಯ್ಯರ್ ಅವರೇ ಗೆದ್ದರು.

1989ರಲ್ಲಿ ಶ್ರೀ ಗುಂಡೂರಾಯರು ಒಂದು ಸಲ ಕಾಂಗ್ರೆಸ್ಸಿಗೆ ಗೆದ್ದುಕೊಟ್ಟರು. 1991ರಲ್ಲಿ ಅರ್ಥಶಾಸ್ತ್ರಜ್ಞ ಶ್ರೀ ಕೆ. ವೆಂಕಟಗಿರಿಗೌಡರು ಭಾರತೀಯ ಜನತಾ ಪಕ್ಷದಿಂದ ಗೆದ್ದರು. ಆ ಪಕ್ಷ ಕರ್ನಾಟಕದಲ್ಲಿ ಆಗ ಗೆದ್ದ ನಾಲ್ಕು ಲೋಕಸಭಾ ಸ್ಥಾನಗಳಲ್ಲಿ ಅದೊಂದು. 1996ರಿಂದ ಶ್ರೀ ಅನಂತಕುಮಾರರು ಆರು ಸಲ, 2019 ಮತ್ತು 2024ರಲ್ಲಿ ಶ್ರೀ ತೇಜಸ್ವಿ ಸೂರ್ಯರವರು ಅಲ್ಲಿಂದ ಲೋಕಸಭೆಗೆ ಹೋದರು.

ಇದೇ ಜನ ವಿಧಾನಸಭೆಯ ವೋಟನ್ನು ಬೇರೆ ರೀತಿ ಹಾಕುವುದೂ ಉಂಟು. ಆ ಲೋಕಸಭಾ ಕ್ಷೇತ್ರದೊಳಗೇ ಇರುವ ಬಿ.ಟಿ.ಎಂ. ಬಡಾವಣೆ ವಿಧಾನಸಭಾ ಕ್ಷೇತ್ರದಲ್ಲಿ 2008ರಿಂದ 2023ರವರೆಗೆ ನಾಲ್ಕು ಸಲವೂ ಗೆದ್ದವರು ಕಾಂಗ್ರೆಸ್ಸಿನ ಶ್ರೀ ರಾಮಲಿಂಗಾರೆಡ್ಡಿಯವರು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಹೆಸರಿನ ಮೊದಲಕ್ಷರ ಸೇರಿ ಆದ ಬಡಾವಣೆ ಅದು. ದೆಹಲಿಯ ಗಾಳಿ ಒಂದು ಕಡೆ ಬೀಸಿದರೂ ಬೀದಿಯ ಕೆಲಸಕ್ಕೆ ಕೈಗೆ ಸಿಗುವವನು ಯಾರೆಂದು ನೋಡಿ ವೋಟು ಹಾಕುವ ವಿವೇಕ ಮತದಾರನಲ್ಲಿ ಇದೆಯೆಂಬುದಕ್ಕೆ ಇದು ಗುರುತು. ಸಣ್ಣ ಪಕ್ಷಕ್ಕೆ ಜಾಗ ಸಿಗುವುದು ಈ ವಿವೇಕದಲ್ಲಿಯೇ.

26 ಏಕೆ ಕರಗಿತು, 4 ಏಕೆ ಉಳಿಯಿತು

ಓದುಗರು ಇಲ್ಲಿ ಒಂದು ಲೆಕ್ಕವನ್ನು ಗಮನವಿಟ್ಟು ನೋಡಬೇಕು. 1967ರ ಚುನಾವಣೆಯಲ್ಲಿ ಆಗಿನ ಮೈಸೂರು ರಾಜ್ಯದ ವಿಧಾನಸಭೆಗೆ ಪ್ರಜಾ ಸಮಾಜವಾದಿ ಪಕ್ಷದಿಂದ 20, ಸಂಯುಕ್ತ ಸಮಾಜವಾದಿ ಪಕ್ಷದಿಂದ 6, ಒಟ್ಟು 26 ಸಮಾಜವಾದಿಗಳು ಗೆದ್ದುಬಂದರು. ಜನಸಂಘಕ್ಕೆ ಸಿಕ್ಕಿದ್ದು 4. 1972ರಲ್ಲಿ ಸಮಾಜವಾದಿ ಪಕ್ಷಕ್ಕೆ 3, ಜನಸಂಘಕ್ಕೆ ಒಂದೂ ಇಲ್ಲ. ನಾಲ್ಕು ದಶಕ ಕಳೆಯುವ ಹೊತ್ತಿಗೆ 26 ಇದ್ದ ಪಕ್ಷದ ಹೆಸರೇ ವಿಧಾನಸಭೆಯಲ್ಲಿ ಇಲ್ಲ. 4 ಇದ್ದವರ ಪರಂಪರೆಯ ಪಕ್ಷ ಸರ್ಕಾರ ನಡೆಸುತ್ತಿತ್ತು. ಹೀಗೇಕಾಯಿತು?

ಸಮಾಜವಾದಿಗಳಿಗೆ ವಿಷಯವಿರಲಿಲ್ಲವೆಂದು ಯಾರೂ ಹೇಳುವಂತಿಲ್ಲ. 1951ರ ಏಪ್ರಿಲಿನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಭತ್ತವಳೆಯುವ ಕೊಳಗದ ಅನ್ಯಾಯವನ್ನು ಎದುರಿಸಿ ಸತ್ಯಾಗ್ರಹ ಹೂಡಿದರು. ಶ್ರೀ ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು. ಡಾ. ಲೋಹಿಯಾ ಅವರೇ ಬಂದು ಸೆರೆಯಾದರು. ಮರುವರ್ಷ 1952ರಲ್ಲಿ, 99 ಸ್ಥಾನಗಳ ಸಭೆಯಲ್ಲಿ ಸಮಾಜವಾದಿ ಪಕ್ಷಕ್ಕೆ 3 ಸ್ಥಾನ ಬಂದವು. ಮೂವತ್ತೂ ತುಂಬದ ಶ್ರೀ ಶಾಂತವೇರಿ ಗೋಪಾಲಗೌಡರು ಗೆದ್ದದ್ದು ಆಗಲೇ. 1957ರಲ್ಲಿ ಸೋತರು, 1962ರಲ್ಲಿಯೂ 1967ರಲ್ಲಿಯೂ ಮತ್ತೆ ಗೆದ್ದರು. 1972ರಲ್ಲಿ ತೀರಿಕೊಂಡರು. ಉಳುವವನೇ ಹೊಲದೊಡೆಯನೆಂಬ ಮಾತನ್ನು ಆ ಮೂರು ಸ್ಥಾನದ ಪಕ್ಷ ಹಿಡಿದುಕೊಂಡು ಹೋರಾಡಿತು. ಆ ಮಾತು 1974ರಲ್ಲಿ ಕಾನೂನಾಯಿತು. ಮಾಡಿದವರು ಕಾಂಗ್ರೆಸ್ಸಿನ ಶ್ರೀ ದೇವರಾಜ ಅರಸರು. ಅವರಿಗೆ ಸಲ್ಲತಕ್ಕ ಕೀರ್ತಿ ಸಲ್ಲಲಿ. ಆದರೆ ಇಪ್ಪತ್ತು ವರ್ಷ ಆ ಬೇಡಿಕೆಯನ್ನು ಆರದಂತೆ ಕಾಪಾಡಿದವರಲ್ಲಿ ಆ ಸಣ್ಣ ಪಕ್ಷ ಮುಂದಿತ್ತು. 1952ರಲ್ಲಿ ಅದಕ್ಕೆ ವೋಟು ಹಾಕಿದ ಗೇಣಿದಾರನ ವೋಟು ಹಾಳಾಯಿತೇ? ಅವನ ಮಕ್ಕಳ ಹೆಸರಿನ ಪಹಣಿಯೇ ಉತ್ತರ ಹೇಳುತ್ತದೆ.

ಬೇಡಿಕೆ ಗೆದ್ದಿತು, ಪಕ್ಷ ಉಳಿಯಲಿಲ್ಲ. ಸಮಾಜವಾದಿಗಳು ಒಡೆದರು, ಕೂಡಿದರು, ಮತ್ತೆ ಒಡೆದರು. 1977ರಲ್ಲಿ ಉಳಿದಿದ್ದ ಪಕ್ಷವನ್ನು ಜನತಾ ಪಕ್ಷದಲ್ಲಿ ವಿಲೀನ ಮಾಡಿದರು. ತುರ್ತು ಪರಿಸ್ಥಿತಿ ಆಗತಾನೆ ಮುಗಿದಿತ್ತು. 1975ರಲ್ಲಿ ಬೆಂಗಳೂರಿನ ಜೈಲಿನಲ್ಲಿ ಸಮಾಜವಾದಿ ಶ್ರೀ ಮಧು ದಂಡವತೆಯವರೂ ಜನಸಂಘದ ಶ್ರೀ ವಾಜಪೇಯಿ, ಶ್ರೀ ಅಡ್ವಾಣಿಯವರೂ ಒಟ್ಟಿಗೆ ಇದ್ದವರು. ಸರ್ವಾಧಿಕಾರವನ್ನು ಇಳಿಸಲು ಒಂದಾಗಬೇಕೆಂಬ ಮಾತಿಗೆ ಆಗ ಎದುರು ಹೇಳುವುದು ಕಷ್ಟವಾಗಿತ್ತು. ಜನಸಂಘವೂ ಅದೇ ಜನತಾ ಪಕ್ಷದಲ್ಲಿ ಸೇರಿತು.

ವ್ಯತ್ಯಾಸ ಇರುವುದು ಇಲ್ಲಿ. ಜನಸಂಘದವರು ಪಕ್ಷದ ಹೆಸರನ್ನು ಬಿಟ್ಟರೇ ಹೊರತು, ಬೀದಿ ಬೀದಿಗಳಲ್ಲಿ ದಿನವೂ ಸೇರುವ ತಮ್ಮ ಸಂಘದ ಶಾಖೆಗಳನ್ನು ಬಿಡಲಿಲ್ಲ. ಎರಡೂ ಕಡೆ ಸದಸ್ಯತ್ವ ಇರಬಾರದೆಂದು ಸಮಾಜವಾದಿಗಳು ಪಟ್ಟು ಹಿಡಿದಾಗ ಅವರು 1980ರಲ್ಲಿ ಹೊರಗೆ ಬಂದು ಹೊಸ ಹೆಸರಿನ ಪಕ್ಷ ಕಟ್ಟಿದರು. ಹೊರಗೆ ಬರುವಾಗ ಅವರಿಗೆ ನಿಲ್ಲಲು ನೆಲವಿತ್ತು. ಸಮಾಜವಾದಿಗಳಿಗೆ ಹಿಂದಿರುಗಲು ಶಾಖೆಯಿರಲಿಲ್ಲ. ಇದ್ದವರು ನಾಯಕರು ಮಾತ್ರ. ನಾಯಕರೇನೋ ಏರಿದರು. ಸಮಾಜವಾದಿ ಚಳವಳಿಯಿಂದ ಬಂದ ಶ್ರೀ ಎಸ್. ಬಂಗಾರಪ್ಪನವರು 1990ರಲ್ಲಿ ಕಾಂಗ್ರೆಸ್ಸಿನ ಮುಖ್ಯಮಂತ್ರಿಗಳಾದರು. 1967ರಲ್ಲಿ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತನಾಡಿದ ಶ್ರೀ ಜೆ.ಎಚ್. ಪಟೇಲರು 1996ರಲ್ಲಿ ಜನತಾ ದಳದ ಮುಖ್ಯಮಂತ್ರಿಗಳಾದರು. ಶ್ರೀ ಕಾಗೋಡು ತಿಮ್ಮಪ್ಪನವರು ಕಾಂಗ್ರೆಸ್ಸಿನಿಂದ ವಿಧಾನಸಭೆಯ ಸ್ಪೀಕರರಾದರು. ಮನೆಯ ಮಕ್ಕಳು ಒಬ್ಬೊಬ್ಬರೂ ಬೇರೆ ಬೇರೆ ಮನೆಗಳಲ್ಲಿ ಯಜಮಾನರಾದರು. ಹುಟ್ಟಿದ ಮನೆಗೆ ದೀಪ ಹಚ್ಚುವವರಿಲ್ಲವಾಯಿತು.

ಬೆಂಗಳೂರಿನ ಜೆ.ಪಿ. ನಗರಕ್ಕೆ ಹೋಗುವವರು ಆ ಎರಡು ಅಕ್ಷರಗಳನ್ನು ನೆನೆಯಲಿ. ಅದು ಜಯಪ್ರಕಾಶ ನಾರಾಯಣರ ಹೆಸರು; 1934ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷವನ್ನು ಕಟ್ಟಿದವರಲ್ಲಿ ಮೊದಲಿಗರ ಹೆಸರು. ಬಸ್ಸಿನ ಬೋರ್ಡಿನ ಮೇಲೆ ಆ ಹೆಸರು ದಿನವೂ ಊರು ಸುತ್ತುತ್ತದೆ. ಆ ಬಡಾವಣೆಯ ಜನರನ್ನು ಆಳಿದ ಪಕ್ಷಗಳಲ್ಲಿ ಮಾತ್ರ ಸಮಾಜವಾದಿ ಎಂಬ ಹೆಸರಿನದು ಒಂದೂ ಇಲ್ಲ.

ಕುರ್ಚಿಯೇ ಬೆಳವಣಿಗೆಯಲ್ಲ

ಸಣ್ಣ ಪಕ್ಷಕ್ಕೆ ಇನ್ನೊಂದು ಅಪಾಯವುಂಟು. ಯಾರಿಗೂ ಬಹುಮತ ಬರದಿದ್ದಾಗ ಸಣ್ಣವರಿಗೆ ದೊಡ್ಡ ಬೆಲೆ ಬರುತ್ತದೆ. ಆ ಬೆಲೆಯನ್ನೇ ಬೆಳವಣಿಗೆಯೆಂದು ತಿಳಿಯಬಾರದು. 2018ರಲ್ಲಿ ಜಾತ್ಯತೀತ ಜನತಾದಳ 37 ಸ್ಥಾನ ಗೆದ್ದು ಕಾಂಗ್ರೆಸ್ಸಿನ ಬೆಂಬಲದಿಂದ ಮುಖ್ಯಮಂತ್ರಿ ಪದವಿಯನ್ನೇ ಪಡೆಯಿತು. ಸರ್ಕಾರ ಹದಿನಾಲ್ಕು ತಿಂಗಳು ನಡೆಯಿತು. 2023ರಲ್ಲಿ ಪಕ್ಷಕ್ಕೆ ಬಂದದ್ದು 19. ಅದೇ 2018ರಲ್ಲಿ ಬಹುಜನ ಸಮಾಜ ಪಕ್ಷದ ಒಬ್ಬರೇ ಶಾಸಕ, ಕೊಳ್ಳೇಗಾಲದ ಶ್ರೀ ಎನ್. ಮಹೇಶರು, ಮಂತ್ರಿಯೂ ಆದರು. ಮುಂದೆ ಪಕ್ಷದಿಂದ ಹೊರಬಿದ್ದು 2021ರಲ್ಲಿ ಭಾರತೀಯ ಜನತಾ ಪಕ್ಷ ಸೇರಿದರು. 2023ರಲ್ಲಿ ಗಂಗಾವತಿಯಲ್ಲಿ ಒಂದು ಸ್ಥಾನ ಗೆದ್ದ ಕಲ್ಯಾಣ ರಾಜ್ಯ ಪ್ರಗತಿ ಪಕ್ಷ ಮರುವರ್ಷವೇ ದೊಡ್ಡ ಪಕ್ಷದಲ್ಲಿ ಮುಳುಗಿತು. ಒಬ್ಬನ ಹೆಸರಿನ ಮೇಲೆ ನಿಂತ ಪಕ್ಷ ಆ ಒಬ್ಬನ ಜೊತೆಗೇ ಹೊರಟುಹೋಗುತ್ತದೆ.

ಇದಕ್ಕೆ ಎದುರಾಗಿ ಮಂಡ್ಯ ಜಿಲ್ಲೆಯ ಮೇಲುಕೋಟೆಯನ್ನು ನೋಡಿರಿ. ರೈತಸಂಘದ ಶ್ರೀ ಕೆ.ಎಸ್. ಪುಟ್ಟಣ್ಣಯ್ಯನವರು 1994ರಲ್ಲಿ ಪಾಂಡವಪುರದಿಂದ ಗೆದ್ದರು. ಆಮೇಲೆ ಸೋತರು. ಕಬ್ಬಿನ ಬಾಕಿ, ಪಂಪ್‌ಸೆಟ್ಟಿನ ವಿದ್ಯುತ್ತು ಎಂದು ಬೀದಿಯಲ್ಲಿಯೇ ಇದ್ದರು. 2013ರಲ್ಲಿ ಸರ್ವೋದಯ ಕರ್ನಾಟಕ ಪಕ್ಷದಿಂದ ಮೇಲುಕೋಟೆಯಲ್ಲಿ ಮತ್ತೆ ಗೆದ್ದರು. 2018ರಲ್ಲಿ ಅವರು ತೀರಿಕೊಂಡರು. ಆ ವರ್ಷ ಸ್ಥಾನ ಹೋಯಿತು. 2023ರಲ್ಲಿ ಅವರ ಮಗ ಮತ್ತೆ ಗೆದ್ದರು. ತಂದೆಯ ನಂತರ ಮಗನೆಂಬುದನ್ನು ನಾವು ಹೊಗಳುವುದಿಲ್ಲ. ಆದರೆ ಎರಡು ಸೋಲುಗಳ ನಡುವೆಯೂ ಹಸಿರು ಶಾಲು ಆ ತಾಲ್ಲೂಕಿನಲ್ಲಿ ಕಾಣೆಯಾಗಲಿಲ್ಲ ಎಂಬುದು ದೊಡ್ಡ ವಿಷಯ.

ಹೊರದೇಶದ ಉದಾಹರಣೆಯೊಂದು ಕಾರ್ಮಿಕ ಬಂಧುಗಳಿಗೆ ಉಪಯೋಗಕ್ಕೆ ಬರಬಹುದು. ಇಂಗ್ಲೆಂಡಿನ ಲೇಬರ್ ಪಕ್ಷ 1900ರಲ್ಲಿ ಪಾರ್ಲಿಮೆಂಟಿಗೆ ಕಳುಹಿಸಿದವರು ಇಬ್ಬರೇ. 1906ರಲ್ಲಿ 29 ಮಂದಿ ಹೋದರು. 1924ರಲ್ಲಿ ಅದು ಮೊದಲ ಸಲ ಸರ್ಕಾರ ರಚಿಸಿತು. ಅದರ ಬೆನ್ನ ಹಿಂದೆ ಇದ್ದುದು ಯಾವ ಧನಿಕನೂ ಅಲ್ಲ. ಗಣಿ, ರೈಲ್ವೆ, ಗಿರಣಿಗಳ ಕಾರ್ಮಿಕ ಸಂಘಗಳು ಮತ್ತು ಆ ಸಂಘಗಳ ಸದಸ್ಯರು ತೆತ್ತ ಸಣ್ಣ ಚಂದಾ.

ಬೀದಿ ತುಂಬಿತು, ಮರುದಿನ ಖಾಲಿಯಾಯಿತು

ನಮ್ಮಲ್ಲಿ ಶಕ್ತಿಯಿಲ್ಲವೇ? ಇದೆ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಭವಿಷ್ಯನಿಧಿಯ ನಿಯಮವನ್ನು ಬದಲಾಯಿಸಿತು. ಕೆಲಸ ಬಿಟ್ಟವರು ಮಾಲೀಕರ ಪಾಲಿನ ಹಣವನ್ನು 58 ವಯಸ್ಸಾಗುವವರೆಗೆ ತೆಗೆಯುವಂತಿಲ್ಲವೆಂದಿತು. ಆ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಕಾರ್ಮಿಕರು, ಹೆಚ್ಚಿನವರು ಹೆಣ್ಣುಮಕ್ಕಳು, ಬೊಮ್ಮನಹಳ್ಳಿಯ ಹೊಸೂರು ರಸ್ತೆಗೂ ನಗರದ ಬೇರೆ ಕಡೆಗಳ ರಸ್ತೆಗಳಿಗೂ ಇಳಿದರು. ಲಾಠಿ ಬಿತ್ತು, ಬಸ್ಸುಗಳು ಸುಟ್ಟವು. ಎರಡನೆಯ ದಿನ ಸಂಜೆಯೊಳಗೆ ದೆಹಲಿಯ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಯಾವ ದೊಡ್ಡ ಪಕ್ಷವೂ ಅವರನ್ನು ಕರೆದು ತಂದಿರಲಿಲ್ಲ.

ಅಂಗಡಿಯವರ ಕಥೆಯೂ ಹಾಗೆಯೇ. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯು.ಪಿ.ಐ. ಮೂಲಕ ಬಂದ ಹಣದ ಲೆಕ್ಕ ಹಿಡಿದು ಬೇಕರಿ, ಬೀಡಾ ಅಂಗಡಿ, ತರಕಾರಿ ಅಂಗಡಿಗಳವರೆಗೆ ಜಿ.ಎಸ್.ಟಿ. ನೋಟೀಸು ಕಳುಹಿಸಿತು. ಸರಕಿನ ವ್ಯಾಪಾರ ವರ್ಷಕ್ಕೆ 40 ಲಕ್ಷ, ಸೇವೆಯದು 20 ಲಕ್ಷ ದಾಟಿದರೆ ನೋಂದಣಿ ಆಗಬೇಕೆಂಬುದು ನಿಯಮ. ಆದರೆ ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರಿದವನ ಹಣವೂ ಆ ಲೆಕ್ಕದಲ್ಲಿ ಸೇರಿತ್ತು. ಅಂಗಡಿಗಳ ಮುಂದಿನ ಕ್ಯೂಆರ್ ಕೋಡಿನ ಚೀಟಿಗಳು ಮಾಯವಾದವು. ಜುಲೈ 25ರಂದು ಅಂಗಡಿ ಮುಚ್ಚುವುದೆಂದು ಕರೆ ಹೊರಟಿತು. ಅದಕ್ಕೆ ಎರಡು ದಿನ ಮೊದಲೇ ಅಂದಿನ ಮುಖ್ಯಮಂತ್ರಿ ಶ್ರೀ ಸಿದ್ದರಾಮಯ್ಯನವರು ವ್ಯಾಪಾರಿಗಳನ್ನು ಕರೆಸಿ ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ಹೇಳಿದರು.

ಎರಡು ಸಲವೂ ಸಾಮಾನ್ಯ ಜನ ಗೆದ್ದರು. ಎರಡು ಸಲವೂ ಗೆದ್ದ ಮರುದಿನ ಎಲ್ಲರೂ ಮನೆಗೆ ಹೋದರು. 2018ರಲ್ಲಿಯೂ 2023ರಲ್ಲಿಯೂ ಬೆಂಗಳೂರಿನ 28 ವಿಧಾನಸಭಾ ಸ್ಥಾನಗಳಲ್ಲಿ ಕಾರ್ಮಿಕರ ಪಕ್ಷವೊಂದು ಒಂದನ್ನೂ ಗೆಲ್ಲಲಿಲ್ಲ. ಕಾಗೋಡಿನಲ್ಲಿ ಸತ್ಯಾಗ್ರಹದ ಮರುವರ್ಷವೇ ವೋಟಿನ ಪೆಟ್ಟಿಗೆಯಲ್ಲಿ ಉತ್ತರ ಬಂದಿತ್ತು, ಏಕೆಂದರೆ ಹೋರಾಟದ ಜೊತೆಗೆ ಪಕ್ಷವೂ ಅಲ್ಲಿ ಇತ್ತು. ಹೊಸೂರು ರಸ್ತೆಯಲ್ಲಿ ಹೋರಾಟವಿತ್ತು. ಅದನ್ನು ಬರೆದಿಟ್ಟುಕೊಂಡು ಮನೆ ಮನೆಗೆ ಹೋಗುವ ಪಕ್ಷವಿರಲಿಲ್ಲ. ಸಣ್ಣ ಪಕ್ಷದ ವೋಟು ಹಾಳಾಗುವುದು ಹೀಗೆ: ಹಾಕಿದ್ದರಿಂದಲ್ಲ, ಹಾಕಿದ ಮೇಲೆ ಅದನ್ನು ಕಾಯುವವರಿಲ್ಲದುದರಿಂದ.

ಏಣಿಯ ಮೊದಲ ಮೆಟ್ಟಿಲು

ಸಣ್ಣ ಪಕ್ಷ ಬೆಳೆಯಲು ಮೊದಲ ಮೆಟ್ಟಿಲು ವಾರ್ಡು. ಅಲ್ಲಿ ಕೋಟಿ ರೂಪಾಯಿ ಬೇಡ, ಹೆಲಿಕಾಪ್ಟರು ಬೇಡ. ನಡೆಯುವ ಕಾಲು, ಚರಂಡಿ ನೀರು ನಲ್ಲಿಗಳ ತಿಳಿವಳಿಕೆ ಇದ್ದರೆ ಸಾಕು. ಇದನ್ನು ತಿಳಿದೇ 2019ರಲ್ಲಿ ಬೆಂಗಳೂರು ನವನಿರ್ಮಾಣ ಪಕ್ಷವೆಂಬುದು ಪಾಲಿಕೆಯ ಚುನಾವಣೆಯೊಂದನ್ನೇ ಗುರಿಯಾಗಿಟ್ಟುಕೊಂಡು ಹುಟ್ಟಿತು. ಆದರೆ ಆ ಮೆಟ್ಟಿಲನ್ನೇ ಆಳುವವರು ತೆಗೆದಿಟ್ಟರು. ಬೆಂಗಳೂರು ಮಹಾನಗರ ಪಾಲಿಕೆಯ 198 ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಐದು ವರ್ಷ ತುಂಬುವವರೆಗೂ ಚುನಾವಣೆ ನಡೆಯಲಿಲ್ಲ, ಅಧಿಕಾರಿಗಳೇ ಆಳಿದರು. ವಾರ್ಡು 243 ಎಂದರು, 225 ಎಂದರು. 2025ರಲ್ಲಿ ಪಾಲಿಕೆಯನ್ನೇ ಐದಾಗಿ ಒಡೆದರು. ಈ ಅವಧಿಯಲ್ಲಿ ಭಾರತೀಯ ಜನತಾ ಪಕ್ಷವೂ ಆಳಿತು, ಕಾಂಗ್ರೆಸ್ಸೂ ಆಳಿತು. ಈ ಒಂದು ವಿಷಯದಲ್ಲಿ ಇಬ್ಬರೂ ಒಂದೇ.

ಇದು ಬೆಂಗಳೂರಿನ ಗೋಳು ಮಾತ್ರವಲ್ಲ. ನಮ್ಮ ಜಿಲ್ಲೆಯ ನಗರಸಭೆ, ಪಂಚಾಯಿತಿಗಳ ಚುನಾವಣೆ ಮುಂದೆ ಬಿದ್ದಾಗಲೆಲ್ಲ ಪೆಟ್ಟು ತಿನ್ನುವವನು ಸಣ್ಣ ಪಕ್ಷದವನೂ ಸಣ್ಣ ಮನುಷ್ಯನೂ. ಶಾಸಕರು ಮೇಲೆ ಇರುತ್ತಾರೆ, ಅಧಿಕಾರಿಗಳು ಕೆಳಗೆ ಇರುತ್ತಾರೆ. ನಡುವೆ ನಮ್ಮವನೊಬ್ಬ ಇರಬೇಕಾದ ಜಾಗ ಖಾಲಿ. ಆದುದರಿಂದ ಸ್ಥಳೀಯ ಚುನಾವಣೆಗಳನ್ನು ಸಕಾಲದಲ್ಲಿ ನಡೆಸಬೇಕೆಂಬುದು ಕಾರ್ಮಿಕರ ಬೇಡಿಕೆಯಾಗಬೇಕು, ವ್ಯಾಪಾರಿಗಳ ಬೇಡಿಕೆಯೂ ಆಗಬೇಕು. 2014ರ ಬೀದಿ ವ್ಯಾಪಾರಿಗಳ ಕಾನೂನಿನಂತೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳು ವ್ಯಾಪಾರಿಗಳೇ ಆರಿಸಿದವರಿಗೆ ಸಲ್ಲತಕ್ಕವು. ಆ ಚುನಾವಣೆಯೂ ಚುನಾವಣೆಯೇ. ಅಲ್ಲಿ ನಿಲ್ಲಲಾರದ ಪಕ್ಷ ವಿಧಾನಸಭೆಗೆ ನಿಲ್ಲುವುದು ಮೊಗಸಾಲೆಯಿಲ್ಲದೆ ಉಪ್ಪರಿಗೆ ಕಟ್ಟಿದಂತೆ.

ಓದುಗರು ಕೇಳಬೇಕಾದ ಮೂರು ಪ್ರಶ್ನೆ

ಕೊನೆಗೆ ಆರಂಭದ ಪ್ರಶ್ನೆಗೆ ಉತ್ತರ ಹೇಳೋಣ. ಸಣ್ಣ ಪಕ್ಷವೆಂಬ ಒಂದೇ ಕಾರಣಕ್ಕೆ ಯಾರಿಗೂ ವೋಟು ಹಾಕಬೇಡಿರಿ. ಸಣ್ಣದೆಂಬ ಒಂದೇ ಕಾರಣಕ್ಕೆ ತಳ್ಳಿಯೂ ಹಾಕಬೇಡಿರಿ. ವೋಟು ಕೇಳಲು ಬಂದವರನ್ನು, ನಮ್ಮ ಪಕ್ಷದವರನ್ನೂ ಸೇರಿಸಿ, ಮೂರು ಪ್ರಶ್ನೆ ಕೇಳಿರಿ.

ಮೊದಲನೆಯದು: ಹೋದ ಚುನಾವಣೆಯಲ್ಲಿ ಸೋತ ಮರುತಿಂಗಳು ನೀವು ಎಲ್ಲಿ ಇದ್ದಿರಿ? ಎರಡನೆಯದು: ನಿಮ್ಮ ಹಣ ಎಲ್ಲಿಂದ ಬರುತ್ತದೆ? ಯಾರು ಕೊಟ್ಟರೆಂದು ಜನರಿಗೆ ತಿಳಿಯದಂತೆ ಪಕ್ಷಗಳಿಗೆ ಹಣ ಕೊಡುವ ಚುನಾವಣಾ ಬಾಂಡುಗಳನ್ನು 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿತು. ರಸೀದಿ ಪುಸ್ತಕ ತೋರಿಸಲಾರದ ಪಕ್ಷ, ಅದು ಸಣ್ಣದಾಗಲಿ ದೊಡ್ಡದಾಗಲಿ, ನಿಮ್ಮದಲ್ಲ. ಮೂರನೆಯದು: ನಾಳೆ ಯಾರಿಗೂ ಬಹುಮತ ಬರದೆ ನಿಮ್ಮ ಒಂದು ಸ್ಥಾನಕ್ಕೆ ಬೆಲೆ ಬಂದರೆ, ಏನನ್ನು ಕೇಳುತ್ತೀರಿ? ಮಂತ್ರಿಗಿರಿಯೋ, ನಮ್ಮ ಬೇಡಿಕೆಯೋ? ಉತ್ತರವನ್ನು ಈಗಲೇ ಸಭೆಯಲ್ಲಿ ಹೇಳಿಸಿ ಬರೆದಿಟ್ಟುಕೊಳ್ಳಿರಿ.

ಮೂರಕ್ಕೂ ನೇರವಾದ ಉತ್ತರ ಕೊಡುವ ಪಕ್ಷಕ್ಕೆ ಹಾಕಿದ ವೋಟು, ಆ ಪಕ್ಷ ಸೋತರೂ ಹಾಳಲ್ಲ. ಅದು ಮುಂದಿನ ಚುನಾವಣೆಗೆ ಇಟ್ಟ ಗಂಟು. ಆದರೆ ಗಂಟನ್ನು ಕಾಯುವ ಕೆಲಸ ನಾಯಕರೊಬ್ಬರದೇ ಅಲ್ಲ. ಗಿರಣಿಯ ಪ್ರತಿ ಪಾಳಿಯಲ್ಲಿ ಇಬ್ಬರು, ಪೇಟೆಯ ಪ್ರತಿ ಬೀದಿಯಲ್ಲಿ ಒಬ್ಬರು, ತಿಂಗಳಿಗೊಮ್ಮೆ ಸೇರಿ ವಾರ್ಡಿನ ತೊಂದರೆಗಳನ್ನು ಬರೆದು, ಕಚೇರಿಗೆ ಒಯ್ದು, ಏನಾಯಿತೆಂದು ಮುಂದಿನ ತಿಂಗಳು ಬಂದು ಹೇಳಬೇಕು. ಚುನಾವಣೆ ಇರಲಿ, ಇಲ್ಲದಿರಲಿ, ಈ ಕೆಲಸ ನಿಲ್ಲಬಾರದು. 26 ಸ್ಥಾನವಿದ್ದಾಗ ಸಮಾಜವಾದಿ ಪಕ್ಷದಲ್ಲಿ ಕೊರತೆ ಬಿದ್ದದ್ದು ಇದೊಂದೇ. ನಾಳೆ 2 ಸ್ಥಾನವಿರುವ ಪಕ್ಷವೊಂದು ಬೆಳೆಯುವುದಾದರೆ ಅದು ಬೆಳೆಯುವುದೂ ಇದರಿಂದಲೇ.